ಅಕ್ಕನ ಉತ್ತರ: ಗುರುತು ಹಾಕದ ಪ್ರಾರ್ಥನೆ

ಪ್ರಶ್ನೆ: ನನಗೆ ಇಬ್ಬರು ಸಣ್ಣ ಮಕ್ಕಳು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ವರ್ಷದೊಳಗೆ ಸತ್ಯವೇದ (ಬೈಬಲ್) ಓದಿ ಮುಗಿಸಬೇಕೆಂದು ಜನವರಿ 1ರಂದು ಶುರು ಮಾಡಿದೆ. ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಂತುಹೋಯಿತು. ನಸುಕಿನಲ್ಲೇ ಎದ್ದು ಪ್ರಾರ್ಥಿಸಬೇಕೆಂದು ಪ್ರಸಂಗದಲ್ಲಿ ಹೇಳಿದಾಗಲೆಲ್ಲ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಕೂರುತ್ತೇನೆ. (ಓದುಗರು, ಉಡುಪಿ)

ತಂಗೀ, ನಾನು ಹೊಸದಾಗಿ ನರ್ಸ್ ಆಗಿದ್ದಾಗ ಒಂದು ನೋಟುಪುಸ್ತಕ ಇಟ್ಟಿದ್ದೆ. ಓದಿದ ದಿನ ಒಂದು ಟಿಕ್, ಪ್ರಾರ್ಥಿಸಿದ ದಿನ ಇನ್ನೊಂದು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿಬಿಟ್ಟ ದಿನಗಳ ಮನೆ ಖಾಲಿ ಕಾಣುತ್ತಿತ್ತು. ಒಂದು ಸಂಜೆ ಆ ಖಾಲಿ ಮನೆಗಳಿಗೂ ಟಿಕ್ ಹಾಕಿದೆ. ಯಾರಿಗೆ ತೋರಿಸಲು? ಆ ಪುಸ್ತಕವನ್ನು ನೋಡುವವಳು ನಾನೊಬ್ಬಳೇ. ದೇವರ ಹೆಸರಿನಲ್ಲಿ ಇಟ್ಟ ಪುಸ್ತಕದಲ್ಲೇ ಸುಳ್ಳು ಬರೆದೆನಲ್ಲ ಎಂದು ಅಂದು ರಾತ್ರಿ ಅತ್ತಿದ್ದೆ. ಮರುದಿನ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಹಾಗಾಗಿ ನಿಮ್ಮ ಫೋನಿನಲ್ಲಿ ದಿನ ಎಣಿಸುವ ಆ್ಯಪ್ ಇದ್ದರೆ ಇವತ್ತೇ ತೆಗೆದುಬಿಡಿ.

ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋದನೆಂದು ಮಾರ್ಕ 1:35ರಲ್ಲಿ ಇದೆ, ನಿಜ. ಆದರೆ ಅದೇ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಐದು ಸಾವಿರ ಜನ ಊಟ ಮಾಡಿದ ಮೇಲೆ, ಅವರನ್ನು ಕಳುಹಿಸಿಕೊಟ್ಟು ಸಂಜೆ ಬೆಟ್ಟ ಹತ್ತುತ್ತಾನೆ. ಲೂಕ 6:12ರಲ್ಲಿ ರಾತ್ರಿಯಿಡೀ ಪ್ರಾರ್ಥಿಸುತ್ತಾನೆ. ಗಡಿಯಾರದ ಒಂದು ಗಂಟೆಗೇ ಗಂಟು ಬಿದ್ದವನಲ್ಲ ಅವನು.

ನನಗೆ ದಾರಿ ಸಿಕ್ಕಿದ್ದು ವಾರ್ಡಿನಲ್ಲಿ. ರಾತ್ರಿ ಎರಡರ ಹೊತ್ತಿಗೆ ಡ್ರಿಪ್ ನೋಡಲು ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಸತ್ಯವೇದದ 121ನೆಯ ಕೀರ್ತನೆಯ ಒಂದೊಂದು ವಚನ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಇರುವುದು ಎಂಟೇ ವಚನ. ಎಂಟು ಹಾಸಿಗೆಗೆ ಒಂದು ಸುತ್ತು ಮುಗಿದರೆ ಒಂಬತ್ತನೆಯದಕ್ಕೆ ಮತ್ತೆ ಮೊದಲಿನಿಂದ. ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲ ಎಂಬ ಮಾತು ನಿದ್ದೆಗಣ್ಣಿನ ನರ್ಸಿಗೆ ಎಷ್ಟು ಆಸರೆಯೆಂದು ನಿಮಗೆ ಹೇಗೆ ಹೇಳಲಿ! ಈಗ ನಿವೃತ್ತಿಯಾಗಿದ್ದರೂ ರಾತ್ರಿ ಎಚ್ಚರವಾದರೆ ಅದೇ ಬಾಯಿಗೆ ಬರುತ್ತದೆ, ಅದರ ಜೊತೆಗೆ ಆ ಹಾಸಿಗೆಗಳಲ್ಲಿದ್ದ ಕೆಲವರ ಮುಖವೂ.

ಯಾಜಕಕಾಂಡ ಅಲ್ಲಿಯೇ ಇರಲಿ, ಓಡಿಹೋಗುವುದಿಲ್ಲ. ಸತ್ಯವೇದದ 1,189 ಅಧ್ಯಾಯ ವರ್ಷದೊಳಗೆ ಮುಗಿಯಬೇಕಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಓದಬೇಕು. ಅಷ್ಟು ಓದಲು ಬಿಡುವಿರುವವರು ಓದಲಿ. ನೀವು ಮಾರ್ಕನ ಸುವಾರ್ತೆ ಹಿಡಿಯಿರಿ. ಹದಿನಾರೇ ಅಧ್ಯಾಯ, ದಿನಕ್ಕೆ ಅರ್ಧ ಓದಿದರೂ ಒಂದು ತಿಂಗಳು. ಪುಸ್ತಕವನ್ನು ಬೀರುವಿನಲ್ಲಿಡದೆ ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ ತೆರೆದಿಡಿ. ಕುಕ್ಕರ್ ಕೂಗುವಷ್ಟರಲ್ಲಿ ಎಷ್ಟಾಯಿತೋ ಅಷ್ಟು. ನನ್ನ ಅಮ್ಮನ ಸತ್ಯವೇದದಲ್ಲಿ ಕೀರ್ತನೆಗಳ ಪುಟಗಳಿಗೆಲ್ಲ ತೆಂಗಿನೆಣ್ಣೆಯ ಕಲೆ. ಈಗ ಅದು ನನ್ನ ಹತ್ತಿರ ಇದೆ, ಹೊಸ ರಟ್ಟು ಹಾಕಿಸಲು ಮನಸ್ಸು ಬಂದಿಲ್ಲ.

ಪ್ರಶ್ನೆ: ಈಸ್ಟರ್‌ಗೆ ಮುಂಚಿನ ಲೆಂಟ್ ಎಂಬ ಉಪವಾಸದ ಕಾಲದಲ್ಲಿ ನಮ್ಮ ಸಭೆಯ ಯುವಜನರು ನಲವತ್ತು ದಿನ ಮಧ್ಯಾಹ್ನದವರೆಗೆ ಉಪವಾಸ ಇರುತ್ತಾರೆ. ನನಗೆ 58 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ನಾನೂ ಇರಬಹುದೇ? (ಓದುಗರು, ಮಂಗಳೂರು)

ಬೇಡ ಅಣ್ಣ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅಂಥವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ. ನಮ್ಮ ಹಿರಿಯರೂ ಈ ಕಾಲವನ್ನು ಪೂರ್ತಿ ಬಿಗಿ ಮಾಡಿರಲಿಲ್ಲ. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಪುನರುತ್ಥಾನದ ನೆನಪಿನ ಆರು ಭಾನುವಾರಗಳನ್ನು ಬಿಟ್ಟು ನಲವತ್ತು.

ಯೆಶಾಯ 58ನೆಯ ಅಧ್ಯಾಯದಲ್ಲಿ ದೇವರು ತನಗೆ ಇಷ್ಟವಾದ ಉಪವಾಸ ಯಾವುದೆಂದು ತಾನೇ ಹೇಳುತ್ತಾನೆ: ಹಸಿದವನಿಗೆ ನಿನ್ನ ಅನ್ನ ಹಂಚು ಎಂದು. ಶುಕ್ರವಾರ ಮನೆಗೆ ಬಂಗುಡೆ ತರುವುದನ್ನು ನಿಲ್ಲಿಸಿ. ಗಂಜಿ, ಚಟ್ನಿ ಸಾಕು, ಹೊತ್ತಿಗೆ ಸರಿಯಾಗಿ ಉಣ್ಣಿ. ಮೀನಿನ ದುಡ್ಡನ್ನು ಒಂದು ಲಕೋಟೆಗೆ ಹಾಕುತ್ತಾ ಹೋಗಿ. ಈಸ್ಟರ್ ಮುಂಚೆ ಅದು ಯಾವ ಮನೆಗೆ ಹೋಗಬೇಕೆಂಬುದು ನಿಮಗೇ ಗೊತ್ತಿರುತ್ತದೆ. ಕೊಟ್ಟದ್ದನ್ನು ಸಭೆಯಲ್ಲಿ ಹೇಳುವುದು ಬೇಡ.

ಪ್ರಶ್ನೆ: ಆರು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಅಂದಿನಿಂದ ಪ್ರಾರ್ಥಿಸಲು ಕೂತರೆ ಮಾತೇ ಹೊರಡುವುದಿಲ್ಲ. ಯೇಸು ಕಲಿಸಿದ, ಕಂಠಪಾಠವಾಗಿರುವ ಕರ್ತನ ಪ್ರಾರ್ಥನೆ ಹೇಳಿದರೆ ನಾಟಕ ಮಾಡಿದಂತೆ ಅನಿಸುತ್ತದೆ. (ಓದುಗ, 24 ವರ್ಷ, ಬೆಂಗಳೂರು)

ಮಗಾ, ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದವರು. ನಮ್ಮದು ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನಿನವರು ತುಳು ಹೊಸ ಒಡಂಬಡಿಕೆಯನ್ನು 1847ರಲ್ಲೇ ಅಚ್ಚು ಹಾಕಿದ್ದರೂ ಅಪ್ಪನ ಕುಟುಂಬ ಪ್ರಾರ್ಥನೆ ಮಾತ್ರ ಘನವಾದ ಕನ್ನಡದಲ್ಲೇ ನಡೆಯುತ್ತಿತ್ತು. ಅಂಥವರು ಕೊನೆಯ ಕಾಯಿಲೆಯಲ್ಲಿ ಆ ಕನ್ನಡವನ್ನೆಲ್ಲ ಬಿಟ್ಟು 'ಅಮ್ಮೆ' ಎಂದಷ್ಟೇ ಕರೆಯುತ್ತಿದ್ದರು. ತುಳುವಿನಲ್ಲಿ ಅಮ್ಮೆ ಎಂದರೆ ತಂದೆ. ತಮ್ಮ ತಂದೆಯನ್ನು ಕರೆಯುತ್ತಿದ್ದರೋ ಪರಲೋಕದ ತಂದೆಯನ್ನೋ ನಾನು ಕೇಳಲಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಮನೆಮಾತಿನಲ್ಲಿ 'ಅಬ್ಬಾ', ಅಂದರೆ ತಂದೆಯೇ, ಎಂದನೆಂದು ಮಾರ್ಕನು ಬರೆದಿದ್ದಾನೆ. ಪಕ್ಕದಲ್ಲಿ ಕೂತು ನನಗೆ ನೆನಪಾದದ್ದು ಅದೇ. ಅಂದಿನಿಂದ ಪ್ರಾರ್ಥನೆಗೆ ಉದ್ದ ಬೇಕೆಂದು ನನಗೆ ಅನಿಸಿಲ್ಲ.

ಕರ್ತನ ಪ್ರಾರ್ಥನೆಯ ಮೊದಲ ಪದಗಳಲ್ಲೇ 'ತಂದೆ' ಇದೆ. ನಿನಗೆ ಅಲ್ಲೇ ನೋವಾಗುತ್ತಿರಬಹುದು. ನೋವಿರುವ ಕಡೆ ಮಾತು ನಿಂತರೆ ಅದನ್ನು ನಾಟಕವೆಂದು ಕರೆಯಬೇಡ.

ಸದ್ಯಕ್ಕೆ ಒಂದೇ ಕೆಲಸ ಮಾಡು. ರಾತ್ರಿ ಮಲಗುವ ಮುಂಚೆ 13ನೆಯ ಕೀರ್ತನೆ ತೆಗೆದು ಮೊದಲ ಎರಡು ವಚನಗಳನ್ನು ಬಾಯಿಬಿಟ್ಟು ಓದು. ದಾವೀದನು ಅಷ್ಟರಲ್ಲೇ ನಾಲ್ಕು ಸಲ 'ಎಷ್ಟರವರೆಗೆ' ಎಂದು ದೇವರನ್ನು ಕೇಳುತ್ತಾನೆ, ಯಾರೂ ಅವನ ಬಾಯಿ ಮುಚ್ಚಿಸುವುದಿಲ್ಲ. ಆ ಕೀರ್ತನೆ ಹಾಡಿನಲ್ಲಿ ಮುಗಿಯುತ್ತದೆ, ಆದರೆ ಕೊನೆಯ ವಚನ ನಿನಗೆ ಈಗಲೇ ಬೇಕಿಲ್ಲ. ಎರಡನೆಯದರಲ್ಲೇ ಪುಸ್ತಕ ಮುಚ್ಚಿ ದೀಪ ಆರಿಸು. ಮೂರನೆಯ ವಚನ ಓದಬೇಕೆನಿಸಿದ ದಿನ ನನಗೊಂದು ಕಾಗದ ಬರೆ.