ಪಿಪಿಎಲ್ ಮೊದಲಾ, ಸ್ಕೈಡೈವಿಂಗ್ ಮೊದಲಾ?

ಮೈಸೂರಿನಲ್ಲಿ ಒಂದು ಟ್ಯಾಂಡಮ್ ಜಂಪ್ (ಇನ್‌ಸ್ಟ್ರಕ್ಟರ್‌ಗೆ ಕಟ್ಟಿಕೊಂಡು ವಿಮಾನದಿಂದ ಜಿಗಿಯೋದು) ಆಗಿದೆ, ಕೈಯಲ್ಲಿ ಎಂಟು ಲಕ್ಷ ಇದೆ, ಮೊದಲು ಪ್ರೈವೇಟ್ ಪೈಲಟ್ ಲೈಸೆನ್ಸ್ (ಪಿಪಿಎಲ್) ಮುಗಿಸಿಕೊಂಡರೆ ಆಮೇಲೆ ಒಬ್ಬನೇ ಜಿಗಿಯುವುದನ್ನು ಕಲಿಯೋದು ಸುಲಭವಾಗುತ್ತದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ನನ್ನ ಬಲಗಾಲಿನ ಪಾದದ ಗಂಟಿನ ಹತ್ತಿರ ಒಂದು ಪ್ಲೇಟು, ಒಂದಷ್ಟು ಸ್ಕ್ರೂ ಇವೆ. ‘ಪೈಲಟ್‌ಗೆ ಗಾಳಿ ಚೆನ್ನಾಗಿ ಗೊತ್ತಿರುತ್ತದೆ’ ಅಂತ ನಂಬಿದ್ದಕ್ಕೆ ಬಿದ್ದ ದಂಡ ಅದು.

ನಮ್ಮದು ಮಂಡ್ಯದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಕಬ್ಬಿನ ದುಡ್ಡು ರೈತರ ಕೈ ಸೇರಿದಾಗ ನಮ್ಮ ಗಲ್ಲಾಕ್ಕೂ ಬರುತ್ತದೆ, ಸೇರದಿದ್ದಾಗ ಸಾಲದ ಪುಸ್ತಕ ದಪ್ಪ ಆಗುತ್ತದೆ. ನಾನು ವಿಮಾನ ಕಲಿತದ್ದೂ ಇದೇ ಲೆಕ್ಕದಲ್ಲಿ. ದುಡ್ಡು ಬಂದ ತಿಂಗಳು ಬೆಳಗಿನ ಜಾವ ಎದ್ದು ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಓಡೋದು, ಇಲ್ಲದಾಗ ಅಂಗಡಿಯಲ್ಲಿ ಕೂತು ಹವಾಮಾನದ ಪಾಠ ಓದೋದು. ಪಿಪಿಎಲ್‌ಗೆ ಬೇಕಾದದ್ದು ಕಾಗದದ ಮೇಲೆ ಜಾಸ್ತಿ ಇಲ್ಲ. ವಯಸ್ಸು 17 ಆಗಿರಬೇಕು, ಕ್ಲಾಸ್ 2 ಮೆಡಿಕಲ್, ಪರೀಕ್ಷೆಗಳು, ಕನಿಷ್ಠ 40 ಗಂಟೆ ಹಾರಾಟ, ಅದರಲ್ಲಿ ಒಬ್ಬನೇ 150 ನಾಟಿಕಲ್ ಮೈಲಿ ಹೋಗಿ ಬೇರೆ ಎರಡು ಕಡೆ ಇಳಿದು ಬರುವ ಒಂದು ಪ್ರಯಾಣ. ಆದರೆ ನಡುನಡುವೆ ಬಿಟ್ಟು ಬಿಟ್ಟು ಕಲಿತರೆ 40 ಗಂಟೆಗೆ ಮುಗಿಯುವುದಿಲ್ಲ. ಒಂದು ತಿಂಗಳು ಬಿಟ್ಟು ಹೋದರೆ ಮೊದಲ ಗಂಟೆ ಪೂರ್ತಿ ಹಳೆಯದನ್ನು ನೆನಪಿಸಿಕೊಳ್ಳೋದಕ್ಕೇ ಹೋಗುತ್ತದೆ. ಆ ಗಂಟೆಗೆ ಹತ್ತು ಸಾವಿರ ದಾಟುತ್ತದೆ, ನೆನಪಿರಲಿ. ಜೊತೆಗೆ ಮಳೆ, ಮೋಡ, ವಿಮಾನದ ರಿಪೇರಿ. ಏರ್‌ಲೈನ್ ವಿಮಾನ ಬರುತ್ತಿದ್ದರೆ ನೀವು ಇಂಜಿನ್ ಓಡಿಸಿಕೊಂಡು ಕಾಯುತ್ತಾ ಕೂರಬೇಕು, ಮೀಟರ್ ಓಡುತ್ತಿರುತ್ತದೆ.

ಮೇಲಿನ ಸುಖ ಮಾತ್ರ ಸುಳ್ಳಲ್ಲ. ಚಾಮುಂಡಿ ಬೆಟ್ಟ ಪಕ್ಕಕ್ಕೆ ಸರಿದು, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಎರಡಾಗಿ ಮತ್ತೆ ಒಂದಾಗುವುದು ಕಾಣುತ್ತದೆ. ಆಮೇಲೆ ವಿಶ್ವೇಶ್ವರಯ್ಯ ನಾಲೆ. ಅದರ ಒಂದು ಕಡೆ ಕಬ್ಬು, ಭತ್ತ, ಕಡು ಹಸಿರು. ಇನ್ನೊಂದು ಕಡೆ ಕೆಂಪು ನೆಲ, ಅಲ್ಲೊಂದು ಇಲ್ಲೊಂದು ತೆಂಗಿನ ತೋಟ. ನಮ್ಮ ಅಂಗಡಿಯಲ್ಲಿ ಯಾರು ನಗದು ಕೊಡುತ್ತಾರೆ, ಯಾರು ಸಾಲ ಬರೆಸುತ್ತಾರೆ ಅನ್ನೋದು ಮೇಲಿನಿಂದಲೇ ಗೊತ್ತಾಗುತ್ತದೆ. ನಾನು ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ.

ಪಿಪಿಎಲ್ ಅರ್ಧದಲ್ಲಿರುವಾಗಲೇ ನನಗೆ ಜಿಗಿಯುವ ಹುಚ್ಚು ಹತ್ತಿತು. ನಿಮ್ಮ ಹಾಗೇ ಮೊದಲು ಟ್ಯಾಂಡಮ್. ಎದೆಗೆ ಕಟ್ಟಿಕೊಂಡ ಇನ್‌ಸ್ಟ್ರಕ್ಟರ್ ಎಲ್ಲಾ ನೋಡಿಕೊಳ್ಳುತ್ತಾರೆ, ನಾವು ಬಾಯಿ ತೆರೆದುಕೊಂಡು ಬಂದರೆ ಸಾಕು. ಆಮೇಲೆ ಥಾಯ್ಲೆಂಡ್‌ಗೆ ಹೋಗಿ, ಒಬ್ಬನೇ ಜಿಗಿಯೋದನ್ನು ಕಲಿಸುವ ಎಎಫ್ಎಫ್ ಅನ್ನುವ ಕೋರ್ಸ್ ಸೇರಿದೆ. ಅದರಲ್ಲಿ ಮೊದಲ ಜಂಪ್‌ನಿಂದಲೇ ಬೆನ್ನಿನ ಮೇಲೆ ನಿಮ್ಮದೇ ಪ್ಯಾರಾಚೂಟ್. ಇಬ್ಬರು ಇನ್‌ಸ್ಟ್ರಕ್ಟರ್ ಅಕ್ಕಪಕ್ಕ ಹಿಡಿದುಕೊಂಡು ಜಿಗಿಯುತ್ತಾರೆ, ಪ್ಯಾರಾಚೂಟ್ ಎಳೆದು ತೆರೆಯುವವರು ನೀವೇ. ಅಮೆರಿಕದ ಸ್ಕೈಡೈವಿಂಗ್ ಸಂಘ ಯುಎಸ್‌ಪಿಎ ಕೊಡುವ ಎ ಲೈಸೆನ್ಸ್‌ಗೆ, ಅಂದರೆ ಜಿಗಿಯುವವರ ಮೊದಲ ಲೈಸೆನ್ಸ್‌ಗೆ, ಕನಿಷ್ಠ 25 ಜಂಪ್ ಆಗಬೇಕು.

ಅಲ್ಲಿ ಮೊದಲ ದಿನವೇ ನನಗೊಂದು ಸೂಚನೆ ಸಿಕ್ಕಿತ್ತು, ನಾನು ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ವಿಮಾನದ ಆಲ್ಟಿಮೀಟರ್ ಸಮುದ್ರ ಮಟ್ಟದಿಂದ ಎತ್ತರ ತೋರಿಸುತ್ತದೆ. ಮಂಡಕಳ್ಳಿಯಲ್ಲಿ ಚಕ್ರ ನೆಲದ ಮೇಲಿದ್ದರೂ ಮುಳ್ಳು ಸುಮಾರು 2,350 ಅಡಿಯಲ್ಲಿ ನಿಂತಿರುತ್ತದೆ. ಸ್ಕೈಡೈವರ್ ಕೈಗೆ ಕಟ್ಟಿಕೊಳ್ಳುವ ಆಲ್ಟಿಮೀಟರನ್ನು ನೆಲದ ಮೇಲೆ ಸೊನ್ನೆಗೆ ತಂದುಕೊಳ್ಳುತ್ತಾರೆ. ಅಂದರೆ ಮಂಡಕಳ್ಳಿ ಮೇಲೆ ಪೈಲಟ್ ಹತ್ತು ಸಾವಿರ ಅಂದರೆ ಜಿಗಿಯುವವನ ಕೈಯಲ್ಲಿ ಅದು 7,650. ಇಬ್ಬರೂ ಸರಿಯೇ, ಆದರೆ ಇಬ್ಬರು ನೋಡುತ್ತಿರೋದು ಬೇರೆ ಬೇರೆ. ಒಂದೇ ವಿಮಾನದಲ್ಲಿ ಕೂತವರ ಲೆಕ್ಕವೇ ಇಷ್ಟು ಬೇರೆ ಇರುವಾಗ ಒಂದರ ಅಭ್ಯಾಸ ಇನ್ನೊಂದಕ್ಕೆ ಸಲೀಸಾಗಿ ಬರುತ್ತದೆ ಅಂತ ನನಗೆ ಯಾಕೆ ಅನ್ನಿಸಿತೋ.

ಈಗ ಕಾಲಿನ ವಿಷಯ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೋರ್ಸ್‌ನ ಲೆವೆಲ್‌ಗಳು ಮುಗಿದು ಒಬ್ಬನೇ ಜಿಗಿಯುತ್ತಿದ್ದ ಹೊತ್ತು. ವಿಮಾನ ಹತ್ತುವ ಮುಂಚೆ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ನೋಡಿದ್ದೆ. ಮೇಲೇರುವಷ್ಟರಲ್ಲಿ ನೆಲದ ಗಾಳಿ ತಿರುಗಿಬಿಟ್ಟಿತ್ತು. ಪ್ಯಾರಾಚೂಟ್ ಚೆನ್ನಾಗಿ ಬಿಚ್ಚಿಕೊಂಡಿತು. ಇಳಿಯುವಾಗ ಪ್ಯಾರಾಚೂಟ್‌ನಲ್ಲೂ ವಿಮಾನದ ಹಾಗೇ ಡೌನ್‌ವಿಂಡ್ (ಗಾಳಿಯ ಜೊತೆಗೆ), ಬೇಸ್ (ಗಾಳಿಗೆ ಅಡ್ಡ), ಫೈನಲ್ (ಗಾಳಿಗೆ ಎದುರಾಗಿ ಇಳಿಯೋದು) ಅಂತ ಮೂರು ಹಂತ. ಡೌನ್‌ವಿಂಡ್ ಶುರು ಮಾಡೋದು ಸಾವಿರ ಅಡಿ ಆಸುಪಾಸಿನಲ್ಲಿ. ಆಗ ಮತ್ತೆ ವಿಂಡ್‌ಸಾಕ್ ನೋಡಬೇಕು, ನಾನು ನೋಡಲಿಲ್ಲ. ಈ ಸುತ್ತು, ಅಂದರೆ ಸರ್ಕ್ಯೂಟ್, ನನಗೆ ಕರತಲಾಮಲಕ ಅಲ್ವಾ, ಮಂಡಕಳ್ಳಿಯಲ್ಲಿ ಇನ್ನೇನು ಮಾಡಿದ್ದೆ ನಾನು? ಫೈನಲ್‌ಗೆ ತಿರುಗಿದ ಮೇಲೆ ನೆಲ ಜೋರಾಗಿ ಓಡುತ್ತಿದೆ ಅನ್ನಿಸಿ ನೋಡಿದರೆ ಗಾಳಿ ಬೆನ್ನಿಗಿತ್ತು.

ಗಮನಿಸಿ, ಇಲ್ಲಿಯವರೆಗೆ ಆದದ್ದು ಸಣ್ಣ ತಪ್ಪು. ಅಂಥ ಪ್ಯಾರಾಚೂಟ್ ಗಂಟೆಗೆ 35 ಕಿಲೋಮೀಟರ್ ಮುಂದಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ, ಗಾಳಿ 15. ಎದುರುಗಾಳಿಗೆ ಇಳಿದರೆ ನೆಲದ ಮೇಲೆ ನಿಮ್ಮ ವೇಗ 20, ಗಾಳಿ ಬೆನ್ನಿಗಿದ್ದರೆ 50. ಸುಮ್ನೆ ನೇರ ಹೋಗಿ, ಸರಿಯಾದ ಹೊತ್ತಿಗೆ ಎರಡೂ ಟಾಗಲ್ (ಪ್ಯಾರಾಚೂಟನ್ನು ತಿರುಗಿಸುವ, ನಿಧಾನ ಮಾಡುವ ಹಿಡಿಗಳು) ಎಳೆದು, ಕಾಲು ಜೋಡಿಸಿ ಉರುಳಿದ್ದರೆ ಮೈ ತರಚುತ್ತಿತ್ತು, ಬಟ್ಟೆ ಹರಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು. ಅಷ್ಟೇ.

ನಾನು ಮಾಡಿದ್ದು ಬೇರೆ. ‘ಇಳಿಯೋದು ಎದುರುಗಾಳಿಗೇ’ ಅಂತ ತಲೆಯಲ್ಲಿ ಅಚ್ಚೊತ್ತಿ ಕೂತಿತ್ತು. ವಿಮಾನದಲ್ಲಿ ಗಾಳಿ ಬೆನ್ನಿಗಿದೆ ಅಂತ ಗೊತ್ತಾದರೆ ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರುತ್ತೇವೆ. ಪ್ಯಾರಾಚೂಟ್‌ಗೆ ಇಂಜಿನ್ ಎಲ್ಲಿಂದ ಬರಬೇಕು? ಹಾಗಾಗಿ ಇರುವ ಎತ್ತರದಲ್ಲೇ ಸರಿ ಮಾಡಿಕೊಳ್ಳಲು ಹೋದೆ. ಬಲಗಡೆ ಟಾಗಲ್ ಜೋರಾಗಿ ಎಳೆದೆ. ಒಂದು ಕಡೆ ಎಳೆದರೆ ಪ್ಯಾರಾಚೂಟ್ ಬರೀ ತಿರುಗುವುದಿಲ್ಲ, ಮೂತಿ ಕೆಳಗೆ ಹಾಕಿ ಧುಮುಕುತ್ತದೆ, ನೀವು ಉಯ್ಯಾಲೆಯಲ್ಲಿ ಕೂತವರ ಹಾಗೆ ಆಚೆ ಬೀಸಲ್ಪಡುತ್ತೀರಿ. ಟಾಗಲ್ ಬಿಟ್ಟರೂ ತಕ್ಷಣ ಸರಿ ಹೋಗುವುದಿಲ್ಲ. ಮತ್ತೆ ನಿಮ್ಮ ತಲೆಯ ಮೇಲೆ ನೆಟ್ಟಗೆ ಬರಲು ಅದಕ್ಕೆ ಒಂದಷ್ಟು ಎತ್ತರ ಬೇಕು. ನನ್ನ ಕೆಳಗೆ ಆ ಎತ್ತರ ಇರಲಿಲ್ಲ. ಬಲಗಾಲು ಮೊದಲು ನೆಲಕ್ಕೆ ಹೊಡೆಯಿತು.

ಹೊಟ್ಟೆ ಉರಿಸುವ ಸಂಗತಿ ಅಂದರೆ ಇದು ನನಗೆ ಗೊತ್ತಿರದ ವಿಷಯವೇ ಅಲ್ಲ. ಬೇಸ್‌ನಿಂದ ಫೈನಲ್‌ಗೆ ಕೆಳಮಟ್ಟದಲ್ಲಿ ಕಡಿದಾಗಿ ತಿರುಗಿದರೆ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಶಕ್ತಿ ತಪ್ಪಿ, ಬೀಳುತ್ತದೆ ಅಂತ ಮಂಡಕಳ್ಳಿಯಲ್ಲಿ ನನ್ನ ಇನ್‌ಸ್ಟ್ರಕ್ಟರ್ ಕಿವಿ ಹರಿಯುವ ಹಾಗೆ ಕೂಗಿದ್ದರು. ವಿಮಾನದಲ್ಲಿ ನಾನು ಅದನ್ನು ಯಾವತ್ತೂ ಮಾಡಿಲ್ಲ. ಸ್ಕೈಡೈವಿಂಗ್ ಕ್ಲಾಸ್‌ನಲ್ಲೂ ಇಳಿಯುವಾಗ ಯಾವುದು ಮುಖ್ಯ ಅಂತ ಒಂದರ ಕೆಳಗೊಂದು ಬರೆಸಿದ್ದರು: ಪ್ಯಾರಾಚೂಟ್ ಮಟ್ಟವಾಗಿ, ನೇರವಾಗಿ ಇರಲಿ. ಅಡ್ಡಿ ಇಲ್ಲದ ಬಯಲಿನಲ್ಲಿ ಇಳಿಯಿರಿ. ಕನಿಷ್ಠ ಅರ್ಧದವರೆಗಾದರೂ ಟಾಗಲ್ ಎಳೆಯಿರಿ. ಕಾಲು ಜೋಡಿಸಿ ಉರುಳಿ. ಎದುರುಗಾಳಿ ಅನ್ನೋದು ಆ ಪಟ್ಟಿಯಲ್ಲೇ ಇಲ್ಲ! ನಾನು ಬರೆದುಕೊಂಡಿದ್ದೆ, ಓದಿದ್ದೆ, ಪರೀಕ್ಷೆಯಲ್ಲಿ ಉತ್ತರವನ್ನೂ ಕೊಟ್ಟಿದ್ದೆ. ಇಲ್ಲದ ಒಂದನ್ನು ಪಟ್ಟಿಯ ಮೇಲುಗಡೆ ಸೇರಿಸಿದ್ದು ನನ್ನೊಳಗಿನ ಅರೆಬೆಂದ ಪೈಲಟ್.

ಆಪರೇಷನ್ ಅಲ್ಲೇ ಆಯಿತು. ಪ್ರವಾಸ ವಿಮೆಯಿಂದ ಒಂದು ಪೈಸೆ ಬರಲಿಲ್ಲ, ಪಾಲಿಸಿಯಲ್ಲಿ ಸ್ಕೈಡೈವಿಂಗನ್ನು ಹೆಸರು ಹಿಡಿದೇ ಹೊರಗಿಟ್ಟಿದ್ದರು. ಊರಿಗೆ ಬಂದ ಮೇಲೆ ದೊಡ್ಡಪ್ಪ ಪುತ್ತೂರು ಕಟ್ಟು ಕಟ್ಟಿಸೋಣ ಅಂತ ಹಟ ಹಿಡಿದರು, ಒಳಗೆ ಸ್ಕ್ರೂ ಇದೆ ಅಂತ ಎಕ್ಸ್‌ರೇ ತೋರಿಸಿದ ಮೇಲೆ ಸುಮ್ಮನಾದರು. ಅಮ್ಮ ಮಾತ್ರ ಒಂದೇ ಮಾತು: ‘ಬೀಳೋದೇ ಆಗಿದ್ರೆ ನಮ್ ತೆಂಗಿನ್ ಮರ ಇರ್ನಿಲ್ವಾ, ಅಷ್ಟ್ ದುಡ್ ಯಾಕ್ ಕೊಟ್ಟೆ ಮಗ?’ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪಿಪಿಎಲ್‌ಗೆ. ಮೆಡಿಕಲ್‌ನಲ್ಲಿ ತಾತ್ಕಾಲಿಕ ಅನ್‌ಫಿಟ್. ವಿಮಾನದ ಮೂತಿ ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಕಾಲಲ್ಲಿ ಒತ್ತೋದು, ಬ್ರೇಕೂ ಅದರಲ್ಲೇ ಇರೋದು, ಆ ಕಾಲೇ ಇಲ್ಲದಿದ್ದರೆ ಯಾರು ಬಿಡುತ್ತಾರೆ? ಫಿಟ್ ಆಗುವಷ್ಟರಲ್ಲಿ ಕೈಯಲ್ಲಿದ್ದ ಹಿಡಿತ ಹೋಗಿತ್ತು, ಒಬ್ಬನೇ ಹಾರಲು ಬಿಡುವ ಮುಂಚೆ ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ಗಂಟೆಗಟ್ಟಲೆ ಸುತ್ತಿದೆ. ಎಲ್ಲಾ ಸೇರಿ ಹೋದ ದುಡ್ಡಿಗೆ ಒಂದು ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಬರುತ್ತಿತ್ತು, ಟ್ರೇಲರ್ ಸಮೇತ. ಕೊನೆಗೆ ಎರಡೂ ಲೈಸೆನ್ಸ್ ಸಿಕ್ಕಿತು, ಅದು ಬೇರೆ ಮಾತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಯಾವುದು ಮೊದಲು ಅನ್ನೋದು ದೊಡ್ಡ ವಿಷಯ ಅಲ್ಲ. ಒಂದು ಪೂರ್ತಿ ಮುಗಿಯದೆ ಇನ್ನೊಂದನ್ನು ಮುಟ್ಟಬೇಡಿ ಅನ್ನೋದೇ ವಿಷಯ. ಎಂಟು ಲಕ್ಷಕ್ಕೆ ಎರಡೂ ಆಗುವುದಿಲ್ಲ, ಎರಡರ ಅರ್ಧರ್ಧ ಆಗುತ್ತದೆ, ಅರ್ಧ ಕಲಿತವನ ಕಥೆ ಮೇಲೆ ಓದಿದಿರಲ್ಲ. ನನ್ನನ್ನು ಕೇಳಿದರೆ ಜಿಗಿಯುವುದನ್ನೇ ಮೊದಲು ಮುಗಿಸಿ. ಒಂದು ತಿಂಗಳು ರಜೆ ಹಾಕಿ, 25 ಜಂಪ್‌ನ ದುಡ್ಡು ಪೂರ್ತಿ ಕೈಯಲ್ಲಿಟ್ಟುಕೊಂಡು ಹೋಗಿ, ಎ ಲೈಸೆನ್ಸ್ ತೆಗೆದುಕೊಂಡೇ ವಾಪಸ್ ಬನ್ನಿ. ಮಧ್ಯೆ ಆರು ತಿಂಗಳು ಬಿಟ್ಟು ಮತ್ತೆ ಹೋಗುತ್ತೇನೆ ಅನ್ನೋದಾದರೆ ಹೋಗಲೇಬೇಡಿ, ಅದಕ್ಕಿಂತ ವರ್ಷಕ್ಕೊಂದು ಟ್ಯಾಂಡಮ್ ಮಾಡಿ ಖುಷಿಯಾಗಿರಿ.

ಪಿಪಿಎಲ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಾರ. ಲೈಸೆನ್ಸ್ ಸಿಕ್ಕಿದ ಮೇಲೆ ತಿಂಗಳಿಗೆ ಎರಡು ಗಂಟೆಯಾದರೂ ಹಾರಲು ದುಡ್ಡಿಲ್ಲದಿದ್ದರೆ ಅದು ಫ್ರೇಮ್ ಹಾಕಿಸುವ ಕಾಗದ. ಅದರಲ್ಲಿ ದುಡಿಯೋದಕ್ಕೂ ಬರುವುದಿಲ್ಲ, ಅದಕ್ಕೆ 200 ಗಂಟೆಯ ಕಮರ್ಷಿಯಲ್ ಲೈಸೆನ್ಸ್ ಬೇಕು. ಇದನ್ನು ನಮ್ಮ ಕಡೆ ಮದುವೆ ಮಾತುಕತೆಗೆ ಬಂದವರಿಗೆ ಅರ್ಥ ಮಾಡಿಸೋದಕ್ಕೆ ಪಟ್ಟ ಪಾಡು ಅಷ್ಟಿಷ್ಟಲ್ಲ. ‘ಹುಡುಗ ಪೈಲಟ್ಟಂತೆ, ಯಾವ ಕಂಪನಿ?’ ಅಂತ ಕೇಳುತ್ತಾರೆ. ಟ್ರ್ಯಾಕ್ಟರ್ ಬೇರಿಂಗ್ ಮಾರ್ತಾನೆ ಅಂದರೆ ಕಾಫಿ ಅರ್ಧಕ್ಕೇ ಇಟ್ಟು ಏಳುತ್ತಾರೆ.

ಇನ್ನೊಂದು, ‘ಪ್ಯಾರಾಚೂಟ್ ತೆರೆಯದಿದ್ದರೆ’ ಅಂತ ನೀವೂ ಭಯಪಟ್ಟಿದ್ದೀರಿ. ಎಲ್ಲರೂ ಅಲ್ಲೇ ಹೆದರೋದು. ಬೆನ್ನಲ್ಲಿ ಎರಡನೆಯದೊಂದು ಇರುತ್ತದೆ. ನೀವು ಪ್ರಜ್ಞೆ ತಪ್ಪಿ ಬೀಳುತ್ತಿದ್ದರೂ ಸುಮಾರು 750 ಅಡಿಯಲ್ಲಿ ತಾನೇ ಅದನ್ನು ತೆರೆಯುವ ಎಎಡಿ ಅನ್ನುವ ಪುಟ್ಟ ಯಂತ್ರವೂ ಇರುತ್ತದೆ. ಆದರೆ ಚೆನ್ನಾಗಿ ತೆರೆದ ಪ್ಯಾರಾಚೂಟ್ ಕೆಳಗೆ ನೀವೇ ಕೆಟ್ಟದಾಗಿ ತಿರುಗಿದರೆ ಯಾವ ಯಂತ್ರವೂ ಹಿಡಿಯುವುದಿಲ್ಲ. ಯುಎಸ್‌ಪಿಎ ಅಪಘಾತ ವರದಿಗಳನ್ನು ಓದಿ, ನೆಲದ ಹತ್ತಿರ ತೆಗೆದುಕೊಂಡ ತಿರುವು ಮತ್ತೆ ಮತ್ತೆ ಸಿಗುತ್ತದೆ. ದಸರಾ ಏರ್‌ಶೋನಲ್ಲಿ ವಾಯುಪಡೆಯ ಆಕಾಶಗಂಗಾ ತಂಡದವರು ಬನ್ನಿಮಂಟಪದ ಮೈದಾನಕ್ಕೆ ಬಾವುಟ ಹಿಡಿದು ಇಳಿಯೋದನ್ನು ನೋಡಿ ನಮಗೆ ಅದೆಲ್ಲಾ ನೀರು ಕುಡಿದಷ್ಟು ಸುಲಭ ಅನ್ನಿಸುತ್ತದೆ. ಅವರಿಗೆ ಅದೇ ಕೆಲಸ. ನಿಮಗೆ ಸೋಮವಾರ ಆಫೀಸ್ ಇದೆ.

ಹೋಗುವುದು ಗಟ್ಟಿಯಾದರೆ ಟಿಕೆಟ್‌ಗಿಂತ ಮೊದಲು ವಿಮೆ ನೋಡಿ. ಸ್ಕೈಡೈವಿಂಗ್‌ಗೆ ರಕ್ಷಣೆ ಇದೆ ಅಂತ ಪಾಲಿಸಿಯಲ್ಲೇ ಬರೆದಿರಬೇಕು, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಟರ್ಮ್ ಪಾಲಿಸಿ ಫಾರ್ಮ್‌ನಲ್ಲಿ ಅಪಾಯದ ಹವ್ಯಾಸ ಇದೆಯಾ ಅಂತ ಕೇಳಿದ ಕಡೆ ‘ಇಲ್ಲ’ ಅಂತ ಟಿಕ್ ಹಾಕಬೇಡಿ. ಏಜೆಂಟ್ ನಿಮ್ಮ ಸೋದರಮಾವನೇ ಆಗಿದ್ದು, ‘ಏನೂ ಆಗಲ್ಲ, ಹಾಕಪ್ಪ’ ಅಂದರೂ ಸರಿ.