ವಾಕಿಂಗ್ ಹೋಗು ಎಂದರೆ ಹೆಂಡತಿಗೆ ಸಿಟ್ಟು

ಪ್ರಶ್ನೆ: ನಮ್ಮ ಮಗುವಿಗೆ ನಾಲ್ಕು ತಿಂಗಳು. ಬಸಿರಿನಲ್ಲಿ ನನ್ನ ಹೆಂಡತಿಯ ಬಿಪಿ 160/100 ಆಗಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿ, ತಿಂಗಳು ತುಂಬುವ ಮೊದಲೇ ಸಿಸೇರಿಯನ್ ಆಯಿತು. ಈಗ ಮಾತ್ರೆ ನಿಂತಿದೆ, ಬಿಪಿ ಸರಿಯಾಗಿದೆ. ವ್ಯಾಯಾಮ ಶುರು ಮಾಡಿ ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಮೆಟ್ಟಿಲು ಹತ್ತಿ ಎದೆಬಡಿತ ಜೋರಾದರೆ ‘ಬಿಪಿ ಏರಿತು’ ಎಂದು ಕೂತುಬಿಡುತ್ತಾಳೆ. ಒತ್ತಾಯ ಮಾಡಿದರೆ ಸಿಟ್ಟು, ಅಳು. ಏನು ಮಾಡಲಿ?

ಉತ್ತರ: ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನನ್ನ ಮೊದಲ ಹೆರಿಗೆಯಲ್ಲೂ ಹೀಗೇ ಆಗಿತ್ತು. ಡಾಕ್ಟರ್ ಆಗಿದ್ದರೂ, ಬಟ್ಟೆಯ ಬಕೆಟ್ ಎತ್ತಿದಾಗ ಕಿವಿಯಲ್ಲಿ ಡಬಡಬ ಕೇಳಿಸಿದರೆ ಕೈ ತಣ್ಣಗಾಗುತ್ತಿತ್ತು.

ನಡೆಯುವಾಗ ಸ್ನಾಯುಗಳಿಗೆ ಜಾಸ್ತಿ ರಕ್ತ ಬೇಕು. ಹೃದಯ ಜೋರಾಗಿ ಬಡಿಯುತ್ತದೆ, ಬಿಪಿಯ ಮೇಲಿನ ಅಂಕಿ ಏರುತ್ತದೆ, ಕೂತರೆ ಇಳಿಯುತ್ತದೆ. ಇದು ಕಾಯಿಲೆಯಲ್ಲ. ಆದರೆ ಮಾತಿನಲ್ಲಿ ಹೇಳಿದರೆ ಅವರು ನಂಬಲಾರರು. ಅವರೇ ನೋಡಲಿ. ಐದು ನಿಮಿಷ ಸುಮ್ನೆ ಕೂತು ಬಿಪಿ ನೋಡಿಕೊಳ್ಳಲಿ. ಹತ್ತು ನಿಮಿಷ ನಡೆಯಲಿ. ಮತ್ತೆ ಹತ್ತು ನಿಮಿಷ ಕೂತು ನೋಡಲಿ. ಅಂಕಿ ಮೊದಲಿನ ಹತ್ತಿರಕ್ಕೆ ಬಂದದ್ದು ಕಂಡ ದಿನವೇ ನನಗೆ ಧೈರ್ಯ ಬಂದದ್ದು. ನಾಲ್ಕೈದು ದಿನ ಸಾಕು. ಆಮೇಲೆ ಮೆಷಿನ್ ಒಳಗಿಡಿ, ಡಾಕ್ಟರ್ ಹೇಳಿದಾಗ ಮಾತ್ರ ತೆಗೆಯಿರಿ.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. ‘ಹೋಗು’ ಎನ್ನುವುದನ್ನು ಬಿಡಿ. ಹಾಲು ಕುಡಿಸಿದ ತಕ್ಷಣ ಮಗುವನ್ನು ನೀವು ಎತ್ತಿಕೊಳ್ಳಿ. ಅರ್ಧ ಗಂಟೆ ಪೂರ್ತಿ ನಿಮ್ಮದು. ಮಗು ಅತ್ತರೂ ಫೋನ್ ಮಾಡಬೇಡಿ. ಹಾಲು ಕುಡಿಸಿದ್ದರಿಂದ ಅವರ ಎದೆ ಹಗುರಾಗಿರುತ್ತದೆ, ನಡೆಯಲೂ ಸುಲಭ. ರಾತ್ರಿ ನಿದ್ದೆಯಿಲ್ಲದವಳಿಗೆ ಉಪದೇಶ ಬೇಡ, ಆ ಅರ್ಧ ಗಂಟೆ ಬೇಕು ಅಲ್ವಾ? ರಾತ್ರಿಯೆಲ್ಲ ಎದ್ದಿದ್ದರೆ ಅವತ್ತು ಮಲಗಲಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ. ಹತ್ತು ಹತ್ತು ನಿಮಿಷವಾಗಿ ಕೂಡಿಸಿದರೂ ಲೆಕ್ಕವೇ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಇದರಿಂದ ಎದೆಹಾಲು ಕಡಿಮೆಯಾಗುವುದಿಲ್ಲ. ಭಾರ ಎತ್ತುವಾಗ ಉಸಿರು ಹಿಡಿಯಬಾರದು. ಹೊಟ್ಟೆಯ ವ್ಯಾಯಾಮಕ್ಕೆ ಮೊದಲು ಹೊಲಿಗೆಯ ಜಾಗ ಡಾಕ್ಟರಿಗೆ ತೋರಿಸಿ.

ಕೂತಾಗಲೂ ಬಿಪಿ 140/90 ದಾಟುತ್ತಿದ್ದರೆ ಡಾಕ್ಟರನ್ನು ಕಾಣಿ. 160/110 ಮುಟ್ಟಿದರೆ, ತಡೆಯಲಾಗದ ತಲೆನೋವು, ಕಣ್ಣು ಮಂಜು, ಎದೆನೋವು, ಕೂತರೂ ಕಡಿಮೆಯಾಗದ ಏದುಸಿರು ಇದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಬಸಿರಿನಲ್ಲಿ ಹೀಗಾದವರಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವ್ಯಾಯಾಮ ಮಾಡಿ ಎನ್ನುವುದು ಅದಕ್ಕೇ. ಇದನ್ನು ಅವರಿಗೆ ಒಮ್ಮೆ ಸಮಾಧಾನದಿಂದ ಹೇಳಿ, ದಿನಾ ಹೇಳಿ ಹೆದರಿಸಬೇಡಿ. ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಹತ್ತು ವರ್ಷದ ಮೇಲೆ ಬೇರೆ ಡಾಕ್ಟರ ಬಳಿ ಹೋದರೂ ‘ಬಸಿರಿನಲ್ಲಿ ಬಿಪಿ ಇತ್ತು’ ಎಂದು ನೀವಾಗಿಯೇ ಹೇಳಿ. ಎಷ್ಟೋ ಸಲ ನಾವು ಅದನ್ನು ಕೇಳುವುದೇ ಇಲ್ಲ.