ಟ್ರ್ಯಾಶ್ ಖಾಲಿ ಮಾಡಿದರೂ ಮ್ಯಾಕ್‌ನಲ್ಲಿ ಜಾಗ ವಾಪಸ್ ಬರದಿದ್ದರೆ

80 ಜಿಬಿ ಮದುವೆ ವಿಡಿಯೋ ಅಳಿಸಿ ಟ್ರ್ಯಾಶ್ ಕೂಡ ಖಾಲಿ ಮಾಡಿದ್ದೀರಿ, ಆದರೂ ಮ್ಯಾಕ್‌ಬುಕ್‌ನಲ್ಲಿ ಖಾಲಿ ಜಾಗ ಒಂಚೂರೂ ಹೆಚ್ಚಿಲ್ಲ ಅಂತ ಕೇಳಿದ್ದೀರಿ. ಗಾಬರಿ ಬೇಡ. ಟೈಮ್ ಮಷೀನ್ (ಮ್ಯಾಕ್‌ನದೇ ಬ್ಯಾಕಪ್ ಸೌಲಭ್ಯ) ಆನ್ ಇದೆ ಅಂದಿದ್ದೀರಲ್ವಾ, ವಿಷಯ ಬಹುಶಃ ಅಲ್ಲೇ ಇದೆ. ಅದು ಗಂಟೆಗೊಮ್ಮೆ ಮ್ಯಾಕ್‌ನ ಒಳಗಿನ ಡಿಸ್ಕ್‌ನಲ್ಲೇ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ಫೈಲ್‌ಗಳು ಹೇಗಿದ್ದವೋ ಅದರ ದಾಖಲೆ, ಇಡುತ್ತದೆ. ನೀವು ಫೈಲ್ ಅಳಿಸಿದರೂ ಅದಕ್ಕೂ ಮುಂಚಿನ ಸ್ನ್ಯಾಪ್‌ಶಾಟ್ ಆ ಡೇಟಾವನ್ನು ಹಿಡಿದುಕೊಂಡೇ ಇರುತ್ತದೆ, ಹಾಗಾಗಿ ಫೈಂಡರ್‌ನಲ್ಲಿ ಫೈಲ್ ಕಾಣಿಸುವುದಿಲ್ಲ, ಜಾಗವೂ ಸಿಗುವುದಿಲ್ಲ. ಸಾಮಾನ್ಯವಾಗಿ 24 ಗಂಟೆ ಕಳೆದ ಮೇಲೆ ಇವು ತಾವಾಗಿಯೇ ಹೋಗುತ್ತವೆ, ಜಾಗ ತೀರಾ ಕಡಿಮೆಯಾದರೆ ಅದಕ್ಕೂ ಮೊದಲೇ.

ಅರ್ಜೆಂಟ್ ಇದ್ದರೆ ಮ್ಯಾಕ್‌ನಲ್ಲೇ ಇರುವ ಡಿಸ್ಕ್ ಯುಟಿಲಿಟಿ ಆ್ಯಪ್ ತೆರೆದು, ಎಡಗಡೆ ನಿಮ್ಮ ಫೈಲ್‌ಗಳಿರುವ ಡೇಟಾ ವಾಲ್ಯೂಮ್ (ಡಿಸ್ಕ್‌ನ ಭಾಗ) ಆರಿಸಿ, ವ್ಯೂ ಮೆನುವಿನಲ್ಲಿ 'ಶೋ ಎಪಿಎಫ್ಎಸ್ ಸ್ನ್ಯಾಪ್‌ಶಾಟ್ಸ್' ಒತ್ತಿ. ಕೆಳಗೆ ಪಟ್ಟಿ ಬರುತ್ತದೆ, ವಿಡಿಯೋ ಅಳಿಸುವುದಕ್ಕೆ ಮುಂಚಿನವನ್ನು ಅಲ್ಲಿಂದಲೇ ತೆಗೆಯಬಹುದು. ಆದರೆ ದಯವಿಟ್ಟು ಆ ವಿಡಿಯೋದ ಇನ್ನೊಂದು ಕಾಪಿ ಬೇರೆ ಡ್ರೈವ್‌ನಲ್ಲಿ ಇದೆಯಾ ಅಂತ ಮೊದಲು ತೆರೆದು ನೋಡಿ, ಮದುವೆ ವಿಡಿಯೋ ಮತ್ತೆ ತೆಗೆಸೋಕೆ ಆಗೋದಿಲ್ಲ.

ಫೋಟೋಸ್ ಆ್ಯಪ್‌ನಿಂದ ಅಳಿಸಿದ್ದರೆ ಮಾತ್ರ ಬೇರೆ ಕಥೆ. ಅಲ್ಲಿ 'ರೀಸೆಂಟ್ಲಿ ಡಿಲೀಟೆಡ್' ಅಂತ ಒಂದು ಆಲ್ಬಂ ಇದೆ, 30 ದಿನ ಅಲ್ಲೇ ಕೂತಿರುತ್ತದೆ, ಅದನ್ನೂ ಖಾಲಿ ಮಾಡಿ. ಸುಮ್ನೆ ಯಾವುದೋ ಕ್ಲೀನರ್ ಆ್ಯಪ್‌ಗೆ ದುಡ್ಡು ಕೊಡಬೇಡಿ.